ಎರಡು ಪ್ಯಾನೆಲ್, ಒಂದೇ ಕಿಸೆ

ಮೊಬೈಲಿನಂಥ ಡಿವೈಸ್ ಟವರಿಗೆ ಯಾವಾಗ, ಹೇಗೆ ಡೇಟಾ ಕಳಿಸಬೇಕು ಎಂದು ತೀರ್ಮಾನಿಸುವ ಪ್ರೋಗ್ರಾಮಿಗೆ ಅಪ್‌ಲಿಂಕ್ ಶೆಡ್ಯೂಲರ್ ಎನ್ನುತ್ತಾರೆ. ನಾನು ಬರೆದ ಶೆಡ್ಯೂಲರಿನ ಮೊದಲ ಆವೃತ್ತಿಯಲ್ಲಿ ಒಂದು ಷರತ್ತು ಇತ್ತು: ಡಿವೈಸಿಗೆ ಎರಡು ಆಂಟೆನಾ ಪ್ಯಾನೆಲ್ ಇದ್ದರೆ ಎರಡರಿಂದಲೂ ಕಳಿಸಲು ಹೇಳು. ಇದ್ದದ್ದನ್ನು ಸುಮ್ಮನೆ ಇಟ್ಟುಕೊಳ್ಳುವುದೇಕೆ ಎಂಬ ಮನೆವಾರ್ತೆಯ ತರ್ಕ. ಬರೆಯಲು ಎರಡು ನಿಮಿಷ ಹಿಡಿದಿರಬಹುದು. ತೆಗೆಯಲು ಒಂದು ಇಡೀ ಮಳೆಗಾಲ ಹಿಡಿಯಿತು.

ಬೆಂಗಳೂರಿನ ಒಂದು ಕಂಪನಿಗೆ 5ಜಿ ಬೇಸ್ ಸ್ಟೇಷನ್ನಿನ ಸಾಫ್ಟ್‌ವೇರ್ ಬರೆಯುವವಳು ನಾನು. 2020ರಲ್ಲಿ ಲಾಕ್‌ಡೌನ್ ಎಂದು ಊರಿಗೆ ಬಂದವಳು ಮತ್ತೆ ಹೋಗಲೇ ಇಲ್ಲ. ಮನೆ ಇರುವುದು ಶಿರಸಿಯಿಂದ ದೇವಿಮನೆ ಘಟ್ಟದ ಕಡೆ ಹೋಗುವ ದಾರಿಯಲ್ಲಿ, ಡಾಂಬರು ರಸ್ತೆ ಬಿಟ್ಟು ಒಳಗೆ. ಎದುರಿಗೆ ಅಡಿಕೆ ತೋಟ, ಹಿಂದೆ ಬೆಟ್ಟ. ಲ್ಯಾಬಿನ ಯಂತ್ರಗಳೆಲ್ಲ ಬೆಂಗಳೂರಿನಲ್ಲಿ, ನಾನು ಮೆತ್ತಿನ ಮೇಲಿನ ಕೋಣೆಯಲ್ಲಿ. ಮಳೆಗಾಲದ ಮೀಟಿಂಗುಗಳಲ್ಲಿ ಅವರೆಲ್ಲ ನನಗೆ ಚೆನ್ನಾಗಿ ಕಾಣುತ್ತಾರೆ, ಅವರಿಗೆ ಮಾತ್ರ ನಾನು ಬಾಯಿ ತೆರೆದು ನಿಂತ ಗೊಂಬೆ. ಅಪ್‌ಲಿಂಕ್ ಬರೆಯುವವಳ ಅಪ್‌ಲಿಂಕೇ ನಿಂತುಹೋಗುತ್ತದೆ ಎಂದು ತಂಡದವರು ನಗುತ್ತಾರೆ. ನಗಲಿ. ಟವರಿನ ಕೈಯಲ್ಲಿ ಪ್ರಸಾರಕ್ಕೆ ಹತ್ತಾರು ವಾಟ್ ಪವರ್ ಇರುತ್ತದೆ, ಸಾಮಾನ್ಯ ಮೊಬೈಲಿನ ಮಿತಿ 23 ಡಿಬಿಎಂ, ಅಂದರೆ 200 ಮಿಲಿವಾಟ್. ಬೆಟ್ಟದ ಮೇಲಿನಿಂದ ಕೂಗಿದವರ ಮಾತು ಕಣಿವೆಗೆ ಕೇಳುತ್ತದೆ, ಕಣಿವೆಯವರ ಮಾತು ಬೆಟ್ಟಕ್ಕೆ ಕೇಳುವುದಿಲ್ಲ.

ಅಪ್‌ಲಿಂಕಿನಲ್ಲಿ ಡಿವೈಸಿಗೆ ಸ್ವಂತ ಬುದ್ಧಿ ಓಡಿಸಲು ಹೆಚ್ಚು ಜಾಗವಿಲ್ಲ. ‘ನನ್ನ ಹತ್ತಿರ ಇಷ್ಟು ಡೇಟಾ ಕೂತಿದೆ’ ಎಂದು ಬಫರ್ ಸ್ಟೇಟಸ್ ರಿಪೋರ್ಟ್ ಹಾಕುತ್ತದೆ, ‘ನನ್ನಲ್ಲಿ ಇನ್ನು ಇಷ್ಟು ಪವರ್ ಮಿಕ್ಕಿದೆ’ ಎಂದು ಪವರ್ ಹೆಡ್‌ರೂಮ್ ರಿಪೋರ್ಟ್ ಹಾಕುತ್ತದೆ, ಮತ್ತೆ ಕಾಯುತ್ತದೆ. ಯಾವ ಸ್ಲಾಟಿನಲ್ಲಿ, ಎಷ್ಟು ರಿಸೋರ್ಸ್ ಬ್ಲಾಕಿನಲ್ಲಿ (ಬ್ಯಾಂಡಿನ ತುಂಡುಗಳು), ಯಾವ ಎಂಸಿಎಸ್‌ನಲ್ಲಿ (ಬಿಟ್ಟುಗಳನ್ನು ಎಷ್ಟು ಒತ್ತಾಗಿ ತುಂಬಬೇಕು ಎಂಬ ದರ್ಜೆ), ಎಷ್ಟು ಲೇಯರ್ (ಒಂದೇ ಹೊತ್ತಿಗೆ ಸಾಗುವ ಬೇರೆ ಬೇರೆ ಹರಿವು) ಮಾಡಿ ಕಳಿಸಬೇಕು ಎಂದು ಗ್ರಾಂಟ್, ಅಂದರೆ ಅಪ್ಪಣೆ, ಕೊಡುವುದು ಬೇಸ್ ಸ್ಟೇಷನ್ನಿನ ಶೆಡ್ಯೂಲರ್. 26 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ನಾವು ಬಳಸುವ 120 ಕಿಲೋಹರ್ಟ್ಸ್ ಸಬ್‌ಕ್ಯಾರಿಯರಿಗೆ ಒಂದು ಸ್ಲಾಟ್ ಅಂದರೆ 0.125 ಮಿಲಿಸೆಕೆಂಡ್. ಸೆಕೆಂಡಿಗೆ 8000 ಸ್ಲಾಟ್, ಅದರಲ್ಲಿ ಅಪ್‌ಲಿಂಕಿನ ಪಾಲು ಎಷ್ಟೋ ಅಷ್ಟೂ ಸಲ ಈ ತೀರ್ಮಾನ ಆಗಬೇಕು.

ಆ ತೀರ್ಮಾನದ ಪಟ್ಟಿಗೆ ‘ಯಾವ ಪ್ಯಾನೆಲ್ಲಿನಿಂದ’ ಎಂಬುದು ಸೇರಿದ್ದು ಇತ್ತೀಚೆಗೆ. 26 ಗಿಗಾಹರ್ಟ್ಸ್‌ನ ತರಂಗದ ಉದ್ದ ಹನ್ನೊಂದೂವರೆ ಮಿಲಿಮೀಟರ್ ಅಷ್ಟೆ. ಹಾಗಾಗಿ ಹದಿನಾರು ಪುಟ್ಟ ಆಂಟೆನಾಗಳನ್ನು ಬೆಂಕಿಪೊಟ್ಟಣದ ಮೇಲೆ ಜೋಡಿಸಬಹುದು. ಅದೇ ಪ್ಯಾನೆಲ್. ಅದರ ತೊಂದರೆ ಎಂದರೆ ಅದು ಒಂದೇ ದಿಕ್ಕಿಗೆ ನೋಡುತ್ತದೆ. ಬೆನ್ನ ಹಿಂದಿನದು ಕಾಣಬೇಕೆಂದರೆ ಆ ಕಡೆಗೆ ಇನ್ನೊಂದು ಪ್ಯಾನೆಲ್ ಬೇಕು. 5ಜಿ ನಿಯಮಾವಳಿಯ ಆವೃತ್ತಿಗಳಿಗೆ ರಿಲೀಸ್ ಎಂದು ಹೆಸರು. 2018ರ ರಿಲೀಸ್ 15ರ ಹೊತ್ತಿಗೆ ಡಿವೈಸಿನಲ್ಲಿ ಎಷ್ಟು ಪ್ಯಾನೆಲ್ ಇವೆ, ಈಗ ಯಾವುದು ಎದ್ದಿದೆ ಎಂಬುದು ಬೇಸ್ ಸ್ಟೇಷನ್ನಿಗೆ ತಿಳಿಯುತ್ತಲೇ ಇರಲಿಲ್ಲ, ಅದು ಡಿವೈಸಿನ ಮನೆಯೊಳಗಿನ ವಿಷಯವಾಗಿತ್ತು. 2022ರ ರಿಲೀಸ್ 17ರಲ್ಲಿ ಒಂದೇ ಡೇಟಾವನ್ನು ಒಂದು ಸಲ ಈ ಕಡೆಯ ಟಿಆರ್‌ಪಿಗೆ, ಇನ್ನೊಂದು ಸಲ ಆ ಕಡೆಯ ಟಿಆರ್‌ಪಿಗೆ ಎಂದು ಸರದಿಯಲ್ಲಿ ಕಳಿಸುವ ವ್ಯವಸ್ಥೆ ಬಂತು. ಟಿಆರ್‌ಪಿ ಎಂದರೆ ಟಿವಿಯವರ ಟಿಆರ್‌ಪಿ ಅಲ್ಲ, ಒಂದೇ ಬೇಸ್ ಸ್ಟೇಷನ್ನಿಗೆ ಸೇರಿದ ಬೇರೆ ಬೇರೆ ಜಾಗದ ಆಂಟೆನಾ ಕಂಬಗಳು. 2024ರ ರಿಲೀಸ್ 18ರಲ್ಲಿ ಎರಡು ಪ್ಯಾನೆಲ್‌ಗಳಿಂದ ಒಂದೇ ಹೊತ್ತಿಗೆ ಕಳಿಸುವ ಅನುಮತಿ ಸಿಕ್ಕಿತು. ಮುಖ್ಯವಾಗಿ ಮನೆಗೆ ಇಂಟರ್ನೆಟ್ ಕೊಡುವ ಪೆಟ್ಟಿಗೆ, ವಾಹನ, ಕಾರ್ಖಾನೆಯ ಯಂತ್ರ ಇಂಥವಕ್ಕೆ. ಕೈಯಲ್ಲಿ ಹಿಡಿಯುವ ಮೊಬೈಲಿಗಿಂತ ಇವುಗಳಲ್ಲಿ ಜಾಗವೂ ಕರೆಂಟೂ ಹೆಚ್ಚು.

ಶೆಡ್ಯೂಲರ್ ಬರೆಯುವವಳ ಕೈಗೆ ಇದು ಬರುವುದು ಡಿಸಿಐ ಎಂಬ ಪುಟ್ಟ ಆಜ್ಞಾಪತ್ರದೊಳಗಿನ ಎರಡು ಬಿಟ್ ಆಗಿ. ದಾರಿ ಅಳೆಯಲೆಂದು ಡಿವೈಸ್ ಆಗಾಗ ಕಳಿಸುವ ಪರೀಕ್ಷಾ ಸಿಗ್ನಲ್ಲಿಗೆ ಎಸ್‌ಆರ್‌ಎಸ್ ಎಂದು ಹೆಸರು. 00 ಎಂದರೆ ಮೊದಲನೆಯ ಎಸ್‌ಆರ್‌ಎಸ್ ಗುಂಪು, ನಮ್ಮ ಲೆಕ್ಕಕ್ಕೆ ಪ್ಯಾನೆಲ್ ಎ. 01 ಎಂದರೆ ಎರಡನೆಯದು, ಪ್ಯಾನೆಲ್ ಬಿ. 10 ಎಂದರೆ ಎರಡೂ. ನನ್ನ ಮೊದಲ ಆವೃತ್ತಿ ಸದಾ 10 ಬರೆಯುತ್ತಿತ್ತು.

ಲ್ಯಾಬಿನಲ್ಲಿ ಓಡಿಸಿದಾಗ ಎರಡೂ ಟಿಆರ್‌ಪಿ ಹತ್ತಿರ ಇದ್ದಾಗ ವೇಗ ಚೆನ್ನಾಗಿಯೇ ಏರಿತು. ಒಂದನ್ನು ದೂರ ಮಾಡುತ್ತ ಹೋದಂತೆ ವೇಗ ಇಳಿಯಿತು, ಇಳಿದು ಒಂದೇ ಪ್ಯಾನೆಲ್ ಇದ್ದಾಗಿನದಕ್ಕಿಂತ ಕೆಳಗೆ ಹೋಯಿತು. ಎರಡು ಕೈಯಲ್ಲಿ ದುಡಿದವನಿಗೆ ಒಂಟಿ ಕೈಯವನಿಗಿಂತ ಕಡಿಮೆ ಕೂಲಿ! ಕೋಡಿನಲ್ಲಿ ಬಗ್ ಎಂದು ಎರಡು ದಿನ ಹುಡುಕಿದೆ. ಬಗ್ ಇರಲಿಲ್ಲ.

ನಮ್ಮ ಟೆಸ್ಟ್ ಡಿವೈಸಿನಲ್ಲಿ ಪ್ಯಾನೆಲ್ ಎರಡಿದ್ದರೂ ಪವರಿನ ಕಿಸೆ ಒಂದೇ. ಒಟ್ಟು 23 ಡಿಬಿಎಂ. ಎರಡಕ್ಕೂ ಸಮ ಹಂಚಿದರೆ ಒಂದೊಂದಕ್ಕೆ 20, ಅಂದರೆ 3 ಡೆಸಿಬೆಲ್ ಕಡಿಮೆ. ಒಂದು ದಾರಿಯಲ್ಲಿ ಹೆಚ್ಚೆಂದರೆ ಎಷ್ಟು ಬಿಟ್ ಸಾಗಬಹುದು ಎಂದು ಹೇಳುವ ಶ್ಯಾನನ್ ಸೂತ್ರವನ್ನು ಕಾಗದದ ಮೇಲೆ ಇಟ್ಟು ನೋಡಿದೆ. ಎರಡೂ ಕಡೆ ಸಿಗ್ನಲ್-ನಾಯ್ಸ್ ಅನುಪಾತ 20 ಡೆಸಿಬೆಲ್ ಇದ್ದರೆ, ಒಂದೇ ಪ್ಯಾನೆಲ್ಲಿನಲ್ಲಿ ಪೂರ್ತಿ ಪವರ್ ಸುರಿದಾಗ ಹರ್ಟ್ಸಿಗೆ 6.66 ಬಿಟ್. ಎರಡಕ್ಕೆ ಹಂಚಿದಾಗ ಒಂದೊಂದಕ್ಕೆ 17 ಡೆಸಿಬೆಲ್, ತಲಾ 5.68, ಒಟ್ಟು 11.36. ಭರ್ಜರಿ ಲಾಭ. ಎ ಕಡೆ 10 ಡೆಸಿಬೆಲ್, ಬಿ ಕಡೆ ಮೈನಸ್ 5 ಇದ್ದರೆ? ಎ ಒಂದನ್ನೇ ಓಡಿಸಿದರೆ 3.46. ಹಂಚಿದರೆ ಎ 2.59ಕ್ಕೆ ಇಳಿಯುತ್ತದೆ, ಬಿ ತಂದುಕೊಡುವುದು 0.21. ಒಟ್ಟು 2.80. ಬಿ ಎಂಬ ಬಡಪಾಯಿಗೆ ಅರ್ಧ ಕಿಸೆ ಕೊಟ್ಟು ಎಯ ಕೆಲಸವನ್ನೂ ಕೆಡಿಸಿದಂತೆ. ಎರಡೂ ಕಡೆ 0 ಡೆಸಿಬೆಲ್ ಆದರೆ ಹಂಚಿಕೆಯಿಂದ 1 ಇದ್ದದ್ದು 1.17 ಆಗುತ್ತದೆ. ಕಾಗದದ ಮೇಲೆ ಲಾಭವೇ, ಆದರೆ ಎರಡನೆಯ ಲೇಯರಿಗೆ ಬೇಕಾಗುವ ರೆಫರೆನ್ಸ್ ಸಿಗ್ನಲ್ಲು, ಲೇಯರುಗಳ ನಡುವಿನ ತಿಕ್ಕಾಟ ಇವೆಲ್ಲ ಸೇರಿ ಆ ಹದಿನೇಳು ಪೈಸೆ ಕೈಗೆ ಸಿಗುವುದಿಲ್ಲ.

ಇಂಜಿನಿಯರಿಂಗ್ ಓದಿದ ಯಾರಿಗಾದರೂ ಇದು ಗೊತ್ತಿರಬೇಕಾದದ್ದು. ನನಗೂ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಕೋಡ್ ಬರೆಯುವಾಗ ನೆನಪಾಗಲಿಲ್ಲ.

ಎರಡನೆಯ ಆವೃತ್ತಿಯಲ್ಲಿ ಸದಾ 10 ಎಂಬುದನ್ನು ತೆಗೆದು ಮೂರು ಲೆಕ್ಕ ಮಾಡಿಸಿದೆ: ಎ ಮಾತ್ರ, ಬಿ ಮಾತ್ರ, ಹಂಚಿಕೊಂಡು ಎರಡೂ. ಯಾವುದು ಹೆಚ್ಚೋ ಅದು. ಇಲ್ಲೂ ಎಡವಿದೆ, ಹೆಡ್‌ರೂಮ್ ರಿಪೋರ್ಟ್‌ನಲ್ಲಿ. ಡಿವೈಸ್ ಒಂದೇ ಪ್ಯಾನೆಲ್ಲಿನಿಂದ ಕಳಿಸುತ್ತಿದ್ದಾಗ ಹಾಕಿದ ರಿಪೋರ್ಟನ್ನು ಹಿಡಿದು ಎರಡು ಪ್ಯಾನೆಲ್ಲಿನ ಗ್ರಾಂಟನ್ನು ಅಳೆಯುತ್ತಿದ್ದೆ. ಒಬ್ಬಳೇ ಇದ್ದಾಗ ಡಬ್ಬಿಯಲ್ಲಿ ಉಳಿದ ಅಕ್ಕಿ ನೋಡಿ ಇಬ್ಬರಿಗೆ ಅಡುಗೆ ಇಟ್ಟಂತೆ. ಗ್ರಾಂಟ್ ದೊಡ್ಡದಾಗುತ್ತಿತ್ತು, ಡಿವೈಸಿಗೆ ಪವರ್ ಸಾಲುತ್ತಿರಲಿಲ್ಲ, ಕೆಟ್ಟ ಬ್ಲಾಕನ್ನು ಮತ್ತೆ ಕಳಿಸುವ ಹಾರ್ಕ್ ಮರುಪ್ರಸಾರಗಳ ಸಾಲು ಬೆಳೆಯುತ್ತಿತ್ತು. ಈಗ ಪ್ರತಿ ಪ್ಯಾನೆಲ್ಲಿಗೂ ಪಾತ್‌ಲಾಸ್, ಅಂದರೆ ದಾರಿಯಲ್ಲಿ ಸಿಗ್ನಲ್ ಎಷ್ಟು ಕುಗ್ಗುತ್ತದೆ ಎಂಬ ಅಂದಾಜನ್ನು ಬೇರೆ ಬೇರೆ ಇಟ್ಟು, ರಿಪೋರ್ಟ್ ಯಾವ ಗ್ರಾಂಟಿಗೆ ಹುಟ್ಟಿದ್ದು ಎಂಬುದನ್ನೂ ಬರೆದಿಟ್ಟು, ಹೊಸದಾಗಿ ಲೆಕ್ಕ ಹಾಕುತ್ತೇನೆ.

ಇಷ್ಟೆಲ್ಲ ಮಾಡಿದರೂ ಲ್ಯಾಬಿನ ಚಾನೆಲ್ ತೀರ ಸಭ್ಯವಾದದ್ದು. ಕೇಬಲ್, ನಡುವೆ ಕಂಪ್ಯೂಟರ್ ಹೇಳಿದಷ್ಟು ಸಿಗ್ನಲ್ ಕುಗ್ಗಿಸುತ್ತ ಏರಿಳಿಯುವ ಅಟೆನ್ಯುಯೇಟರ್. ಗಾಳಿಯಲ್ಲಿ ಪ್ರಸಾರ ಮಾಡಲು ಲೈಸೆನ್ಸ್ ಬೇಕು, ಹಾಗಾಗಿ ಎಲ್ಲವೂ ತಂತಿಯೊಳಗೇ. ಆ ಅಟೆನ್ಯುಯೇಟರಿಗೆ ಯಾವ ತಾಳ ಕೊಡಬೇಕು? ಪುಸ್ತಕದ ಮಾದರಿಗಳು ಇವೆ. ನನಗೆ ನಮ್ಮೂರಿನ ತಾಳ ಬೇಕಿತ್ತು.

ಆಫೀಸಿನಿಂದ ಎರಡು ಕಿವಿಯ ಎಸ್‌ಡಿಆರ್ ಪೆಟ್ಟಿಗೆಯೊಂದನ್ನು, ಅಂದರೆ ಸಾಫ್ಟ್‌ವೇರ್ ಹೇಳಿದಂತೆ ನಡೆಯುವ ರೇಡಿಯೊವನ್ನು, ತರಿಸಿಕೊಂಡೆ. ಪ್ರಸಾರದ ಕಡೆ ಮುಚ್ಚಿ, ಬರೀ ಕೇಳುವಂತೆ ಮಾಡಿದ್ದು. ಮಾಡಿನ ಮೇಲೆ ಎರಡು ದಿಕ್ಕಿನ ಆಂಟೆನಾ ಕಟ್ಟಿದೆ. ಒಂದು ತೋಟದ ತಲೆಯ ಮೇಲಿಂದ ಹಾದು ಎದುರು ಗುಡ್ಡದ ಟವರಿಗೆ, ಇನ್ನೊಂದು ಕಣಿವೆಯ ಬಾಯಿಯ ಕಡೆಗೆ. ನಮ್ಮೂರಿಗೆ 26 ಗಿಗಾಹರ್ಟ್ಸ್ ಬಂದಿಲ್ಲ, ಕೇಳಿದ್ದು 3.5ರ ಆಸುಪಾಸಿನದು. ಅದರಲ್ಲಿ 20 ಮಿಲಿಸೆಕೆಂಡಿಗೊಮ್ಮೆ ಬರುವ ಸಿಂಕ್ ಸಿಗ್ನಲ್ಲಿನ ಬಲ ಅಳೆದು ಬರೆದಿಟ್ಟೆ. ತಡೆ ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬ ಸಮಯದ ಆಕಾರ ಮಾತ್ರ ನನಗೆ ಬೇಕಾದದ್ದು. ತಡೆಯ ಆಳವನ್ನು 26 ಗಿಗಾಹರ್ಟ್ಸ್‌ಗೆ ಬೇರೆಯೇ ಹಾಕಿಕೊಂಡೆ. ಅಲ್ಲಿ ಮನುಷ್ಯ ಅಡ್ಡ ನಿಂತರೆ 20 ಡೆಸಿಬೆಲ್‌ಗೂ ಹೆಚ್ಚು ನುಂಗುತ್ತಾನೆ, ಗಂಟೆಗೆ 100 ಮಿಲಿಮೀಟರ್ ಲೆಕ್ಕದಲ್ಲಿ ಸುರಿಯುವ ಮಳೆ ಕಿಲೋಮೀಟರಿಗೆ ಸುಮಾರು 16 ಡೆಸಿಬೆಲ್ ತಿನ್ನುತ್ತದೆ. ಆಷಾಢದಲ್ಲಿ ಶಿರಸಿ ಸೀಮೆಯವರಿಗೆ ಆ ಮಳೆ ಹೊಸತೇನಲ್ಲ.

“ಎಂತದೇ ಕೂಸೆ ಅದು, ಟಿವಿದನಾ?” ಎಂದು ಆಯಿ ಕೆಳಗಿನಿಂದ ಕೇಳಿದಳು. ಹೌದು ಎಂದುಬಿಟ್ಟೆ.

ತೋಟದ ಕಡೆಯ ಗೆರೆ ನೋಡುವುದೇ ಒಂದು ಚೆಂದ. ಒಣ ದಿನಕ್ಕೂ ಜೋರು ಮಳೆಯ ದಿನಕ್ಕೂ ಎಂಟು-ಹತ್ತು ಡೆಸಿಬೆಲ್ ವ್ಯತ್ಯಾಸ. ಮಳೆ ನಿಂತ ಕೂಡಲೇ ಅದು ಮೇಲೆ ಬರುವುದಿಲ್ಲ. 3.5 ಗಿಗಾಹರ್ಟ್ಸ್‌ಗೆ ಅಷ್ಟು ದೂರಕ್ಕೆ ಮಳೆಹನಿಯ ಹಂಗೇ ಇಲ್ಲ, ಅಡ್ಡ ಬರುವುದು ಅಡಿಕೆ ಮರದ ಒದ್ದೆ ಹೆಡೆ, ಅಂದರೆ ಸೋಗೆ. ಮರದ ಮೇಲಿನ ನೀರು ಇಳಿದು, ಬಿಸಿಲು ಬಿದ್ದು, ಹೆಡೆ ಒಣಗಿದ ಮೇಲೆ ಗೆರೆ ನಿಧಾನ ಏರುತ್ತದೆ. ಅದರ ಮೇಲೆ ಇನ್ನೊಂದು ಸಣ್ಣ ಅಲೆ: ಗಾಳಿಗೆ ಅಡಿಕೆ ಮರ ತೂಗುವ ಲಯ. ಎರಡು ಮೂರು ಸೆಕೆಂಡಿಗೊಮ್ಮೆ ಇಳಿದು ಏರಿ, ಇಳಿದು ಏರಿ. ಕೊಳೆಗೆ ಬೋರ್ಡೊ ಔಷಧಿ ಹೊಡೆಯಲು ಬಂದ ಕೊನೆಗೌಡ, ಅಂದರೆ ಅಡಿಕೆ ಮರ ಹತ್ತುವವನು, ಮರದಿಂದ ಮರಕ್ಕೆ ಹಾಯುವಾಗ ಆ ಲಯ ಕೆಟ್ಟದ್ದೂ ಗೆರೆಯಲ್ಲಿ ಕಂಡಿತು. ಮೇಲೆ ಅವನು ತೂಗಿಕೊಂಡು ಮುಂದಿನ ಮರ ಹಿಡಿದದ್ದು, ಕೆಳಗೆ ನನ್ನ ಸ್ಕ್ರೀನಿನಲ್ಲಿ ಒಂದು ಗುಳಿ ಬಿದ್ದದ್ದು, ಎರಡನ್ನೂ ಒಟ್ಟಿಗೆ ನೋಡಿದೆ.

ತೋಟ ನಿಂತಲ್ಲೇ ನಿಂತಿರುವ ಡಿವೈಸಿನ ಕಥೆ. ತಿರುಗುವ ಡಿವೈಸಿನದು ಬೇಕಾದ್ದಕ್ಕೆ ಬೋಟು ನೆನಪಾಯಿತು. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ಕಟ್ಟಿಹಾಕಿದ್ದವು. ಆಗಸ್ಟ್ ಬರುವವರೆಗೆ ಕಾದು, ಪರಿಚಯದವರ ಮೂಲಕ ಕಾರವಾರದ ಬೈತಖೋಲ್ ಬಂದರಿನ ಒಬ್ಬ ತಾಂಡೇಲರನ್ನು, ಅಂದರೆ ಬೋಟು ನಡೆಸುವವರನ್ನು, ಒಪ್ಪಿಸಿದೆ. ಕಾರವಾರ ನೌಕಾನೆಲೆಯ ಊರು, ಆಂಟೆನಾ ಹಿಡಿದು ಸಮುದ್ರದ ಕಡೆ ಓಡಾಡುವುದು ಬುದ್ಧಿವಂತರ ಕೆಲಸವಲ್ಲ. ಕೇಳುವ ಪೆಟ್ಟಿಗೆ ಅಷ್ಟೇ ಎಂದು ಕೇಳಿದವರಿಗೆಲ್ಲ ತೆರೆದು ತೋರಿಸಿ, ಬಂದರಿನಿಂದ ತುಸು ಆಚೆವರೆಗೆ ಮಾತ್ರ ಹೋದೆವು. ಕೇಬಿನ್ನಿನ ಎಡಕ್ಕೊಂದು ಬಲಕ್ಕೊಂದು ಆಂಟೆನಾ. ಒಂದು ಊರ ಕಡೆಯ ಟವರ್ ನೋಡಿದರೆ ಇನ್ನೊಂದು ಕಾಳಿಯಾಚೆ ಸದಾಶಿವಗಡದ ಕಡೆಯದನ್ನು.

“ಮೇಡಂ, ಇದ್ರಲ್ಲಿ ಮೀನು ಎಲ್ಲುಂಟು ಅಂತ ಗೊತ್ತಾಗ್ತದಾ?” ಎಂದರು ತಾಂಡೇಲರು.

“ಇಲ್ಲ.”

“ಮತ್ತೆ ಎಂತಕ್ಕೆ?”

ಉತ್ತರ ಕೊಡಲು ಹೋಗಿ ಹತ್ತು ನಿಮಿಷ ಮಾತಾಡಿದೆ. ಅವರು ಬೀಡಿ ಹಚ್ಚಿಕೊಂಡು ತಾಳ್ಮೆಯಿಂದ ಕೇಳಿ, ಹೋಗಿ ಲಂಗರು ನೋಡಿಕೊಂಡರು.

ಲಂಗರು ಹಾಕಿದ ಬೋಟು ಸುಮ್ಮನಿರುವುದಿಲ್ಲ, ಗಾಳಿಗೂ ಉಬ್ಬರಕ್ಕೂ ತಕ್ಕ ಹಾಗೆ ಮೆಲ್ಲಗೆ ಮುಖ ತಿರುಗಿಸುತ್ತದೆ. ಎ ಇಳಿಯುತ್ತ ಬಿ ಏರುವುದು, ಮತ್ತೆ ಬಿ ಇಳಿಯುತ್ತ ಎ ಏರುವುದು, ಹತ್ತಾರು ಸೆಕೆಂಡಿನ ನಿಧಾನದ ಆಟ. ಶೆಡ್ಯೂಲರಿಗೆ ಇದು ಸುಲಭದ ತುತ್ತು. ಕಷ್ಟದ್ದು ಡೆಕ್ಕಿನ ಮೇಲಿನ ಆಳುಗಳು. ಒಬ್ಬ ಬುಟ್ಟಿ ಹೊತ್ತು ಆಂಟೆನಾ ಮುಂದೆ ಹಾದರೆ ಮುನ್ನೂರು-ನಾನೂರು ಮಿಲಿಸೆಕೆಂಡಿನ ಒಂದು ಹಳ್ಳ. ಇಬ್ಬರು ಬೆನ್ನಿಗೆ ಬೆನ್ನು ಹತ್ತಿ ಹಾದರೆ ಹಳ್ಳದೊಳಗೊಂದು ದಿಬ್ಬ. ಬಲೆ ಎಳೆದು ರಾಶಿ ಹಾಕಿದಾಗ ಒಂದು ಬದಿ ಪೂರ್ತಿ ಮುಚ್ಚಿತು, ಅರ್ಧ ತಾಸು ತೆರೆಯಲೇ ಇಲ್ಲ.

ತೋಟದ್ದು, ಬೋಟಿನದು ಎಂದು ಬರೆದಿಟ್ಟ ಈ ಎರಡು ಗೆರೆಗಳನ್ನು, ಅಂದರೆ ಟ್ರೇಸುಗಳನ್ನು, ಲ್ಯಾಬಿನ ಅಟೆನ್ಯುಯೇಟರಿಗೆ ಕೊಟ್ಟು ಎರಡನೆಯ ಆವೃತ್ತಿಯನ್ನು ಓಡಿಸಿದ ರಾತ್ರಿ ನೆನಪಿದೆ. ತೋಟದ್ದು ಪಾಸು. ಬೋಟಿನದು ದಯನೀಯ. ಡಿವೈಸಿನಿಂದ ಎಸ್‌ಆರ್‌ಎಸ್ ಬರುತ್ತಿದ್ದದ್ದು 160 ಸ್ಲಾಟಿಗೊಮ್ಮೆ, ಅಂದರೆ 20 ಮಿಲಿಸೆಕೆಂಡಿಗೊಮ್ಮೆ. ನಾನೂರು ಮಿಲಿಸೆಕೆಂಡಿನ ಹಳ್ಳದೊಳಗೆ ಇಪ್ಪತ್ತು ಅಳತೆ ಸಿಗುತ್ತದೆ, ಸಾಕೋ ಸಾಕು. ಮತ್ತೆ ಏಕೆ ಸೋತಿತು? ಗ್ರಾಂಟಿನ ಲಾಗನ್ನೂ ಟ್ರೇಸನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ. ಆಳು ಬಂದು ನಿಂತಾಗ ಶೆಡ್ಯೂಲರ್ ‘ಎರಡೂ ಪ್ಯಾನೆಲ್’ ಎಂದೇ ಬರೆಯುತ್ತಿದೆ. ಆಳು ದಾಟಿ ಹೋದ ಮೇಲೆ ಅದಕ್ಕೆ ಆಳು ಬಂದ ಸುದ್ದಿ ಮುಟ್ಟಿದೆ. ಆಗ ಹೆದರಿ ಒಂದೇ ಪ್ಯಾನೆಲ್ಲಿಗೆ ಬಂದಿದೆ. ದಾರಿ ಮುಚ್ಚಿದಾಗ ನುಗ್ಗಿ, ತೆರೆದಾಗ ನಿಂತು ಕಾದಿದೆ.

ಅಪರಾಧಿ ನಾನೇ ಇಟ್ಟ ಸರಾಸರಿ. ಅಳತೆ ಕುಣಿಯದಿರಲಿ ಎಂದು ಹೊಸ ಅಳತೆಗೆ ಇಪ್ಪತ್ತರಲ್ಲಿ ಒಂದು ಪಾಲು, ಹಳೆಯದಕ್ಕೆ ಹತ್ತೊಂಬತ್ತು ಪಾಲು ಬೆಲೆ ಕೊಟ್ಟಿದ್ದೆ. ಹಾಗೆ ಮಾಡಿದರೆ ಅದರ ನೆನಪು ಸುಮಾರು ಇಪ್ಪತ್ತು ಅಳತೆಯಷ್ಟು ಉದ್ದ, ನಾನೂರು ಮಿಲಿಸೆಕೆಂಡ್. ಆಳು ಹಾಯಲು ಹಿಡಿಯುವ ಸಮಯವೂ ಅಷ್ಟೇ. ಇದಕ್ಕಿಂತ ಕೆಟ್ಟ ಸಂಖ್ಯೆಯನ್ನು ಬೇಕೆಂದು ಆರಿಸಿದರೂ ಸಿಗುತ್ತಿರಲಿಲ್ಲ. ಸರಾಸರಿಯನ್ನು ಚುರುಕು ಮಾಡಿದೆ. ಈಗ ಪ್ಯಾನೆಲ್ ಬದಲಾವಣೆ ಪಿಂಗ್‌ಪಾಂಗ್ ಆಯಿತು. ಅಡಿಕೆ ಮರ ತೂಗಿದಾಗಲೆಲ್ಲ ಎ, ಬಿ, ಎ, ಬಿ. ತೋಟದ್ದು ನಪಾಸು.

ಇದರ ಪರಿಹಾರ ಊಟದ ಹೊತ್ತಿಗೆ ಸಿಕ್ಕಿತು ಎಂದರೆ ಕಥೆ ಕಟ್ಟಿದಂತೆ ಕಾಣುತ್ತದೆ, ಆದರೆ ನಡೆದದ್ದು ಹಾಗೆಯೇ. ಅಪ್ಪಯ್ಯ ಫೋನಿನಲ್ಲಿ ಯಾರೊಂದಿಗೋ ಅಡಿಕೆ ದರ ಮಾತಾಡಿ ಬಂದು ಎಲೆಯ ಮುಂದೆ ಕೂತ. ದರ ಏರಿದೆಯಂತೆ, ಮಾರುವುದಿಲ್ಲವಾ ಎಂದೆ. “ಇಳದ್ದು ಹೇಳಿ ಕೇಳಿದ್ರೆ ಅಂದೇ ನಂಬವು ಕೂಸೆ. ಏರಿದ್ದು ಹೇಳಿ ಕೇಳಿದ್ರೆ ನಾಕು ಜನ ಹೇಳ್ದ ಮೇಲೆ ನಂಬವು” ಎಂದ. ಮಜ್ಜಿಗೆ ಅನ್ನಕ್ಕೆ ಬರುವ ಮೊದಲೇ ನಾನು ಮೆತ್ತಿನ ಮೇಲಿದ್ದೆ.

ಏರುವುದಕ್ಕೂ ಇಳಿಯುವುದಕ್ಕೂ ಒಂದೇ ಸರಾಸರಿ ಇಟ್ಟದ್ದೇ ತಪ್ಪು. ಹೊಸ ಎಸ್‌ಆರ್‌ಎಸ್ ಅಳತೆ ಸರಾಸರಿಗಿಂತ 6 ಡೆಸಿಬೆಲ್ ಕೆಳಗೆ ಬಿದ್ದರೆ ಸರಾಸರಿಯನ್ನು ಬಿಟ್ಟು ಅದನ್ನೇ ಹಿಡಿ. ಮೇಲೆ ಹೋದರೆ ಸಾಲಾಗಿ ನಾಲ್ಕು ಅಳತೆ, ಅಂದರೆ 80 ಮಿಲಿಸೆಕೆಂಡ್, ಅದೇ ಮಾತು ಹೇಳಿದ ಮೇಲೆ ನಂಬು. ಮಧ್ಯದ ಸಣ್ಣ ಅಲುಗಾಟಕ್ಕೆ ಹಳೆಯ ನಿಧಾನದ ಸರಾಸರಿ ಇರಲಿ. ಎ ಮತ್ತು ಬಿ ನಡುವೆ ಬದಲಾಯಿಸಲು 3 ಡೆಸಿಬೆಲ್ ಅಂತರ ಬೇಕು. ಒಂದು ಎಸ್‌ಆರ್‌ಎಸ್ ಸುಳ್ಳು ಹೇಳಿದರೆ, ಪಕ್ಕದ ಸೆಲ್ಲಿನದರ ಜೊತೆ ಡಿಕ್ಕಿ ಹೊಡೆದು ಹಾಳಾಗಿ ಬಂದರೆ, 80 ಮಿಲಿಸೆಕೆಂಡ್ ವೃಥಾ ಒಂದೇ ಪ್ಯಾನೆಲ್ಲಿನಲ್ಲಿ ಇರಬೇಕಾಗುತ್ತದೆ. ಇರಲಿ, ಕೆಲಸವೇನೂ ನಿಲ್ಲುವುದಿಲ್ಲ, ಸ್ವಲ್ಪ ನಿಧಾನವಾಗುತ್ತದೆ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅಸಲು ಗೋಜಲು ಅಲ್ಲಿಂದ ಶುರು.

ಎಂಸಿಎಸ್ ಆರಿಸುವಲ್ಲಿ ಎಲ್ಲರೂ ಬಳಸುವ ಒಂದು ಹಳೆಯ ಉಪಾಯವಿದೆ. ಕಳಿಸಿದ ಬ್ಲಾಕ್ ಸರಿಯಾಗಿ ಮುಟ್ಟಿದರೆ ಅಂದಾಜನ್ನು ಒಂದು ಹೆಜ್ಜೆ ಮೇಲಕ್ಕೆ, ಕೆಟ್ಟರೆ ಒಂಬತ್ತು ಹೆಜ್ಜೆ ಕೆಳಕ್ಕೆ. ಹಾಗೆ ಮಾಡುತ್ತ ಹೋದರೆ ಹತ್ತರಲ್ಲಿ ಒಂದು ಕೆಡುವಲ್ಲಿಗೆ ಅದು ತಾನಾಗಿ ಬಂದು ನಿಲ್ಲುತ್ತದೆ. ನಾನು ಈ ಲೆಕ್ಕವನ್ನು ಪ್ಯಾನೆಲ್ಲಿಗೊಂದರಂತೆ ಇಟ್ಟಿದ್ದೆ. ಆದರೆ ಎರಡೂ ಪ್ಯಾನೆಲ್ಲಿನಿಂದ ಒಟ್ಟಿಗೆ ಕಳಿಸುವ ಎಸ್‌ಡಿಎಂ ವಿಧಾನದಲ್ಲಿ, ಒಂದೇ ಡಿಸಿಐ ಕೊಟ್ಟಾಗ, ಹೋಗುವುದು ಒಂದೇ ಕೋಡ್‌ವರ್ಡ್, ಅಂದರೆ ಬಿಟ್ಟುಗಳ ಒಂದೇ ಕಂತೆ. ಅದರ ಬಿಟ್ಟುಗಳನ್ನೇ ಕೆಲವು ಲೇಯರ್ ಎಯಿಂದ, ಕೆಲವು ಬಿಯಿಂದ ಎಂದು ಹರವಿರುತ್ತದೆ. ಎಂಸಿಎಸ್ ಒಂದೇ, ಸರಿಯಾಗಿ ಮುಟ್ಟಿತೇ ಎಂದು ಪರೀಕ್ಷಿಸುವ ಸಿಆರ್‌ಸಿಯೂ ಒಂದೇ. ಕೆಟ್ಟರೆ ಪೂರ್ತಿ ಕೆಟ್ಟಿತು. ಯಾರಿಂದ ಕೆಟ್ಟಿತು?

ಚಾಲಿ ಅಡಿಕೆಯ ಲಾಟಿನಲ್ಲಿ ಕೊಳೆ ಹಿಡಿದ ನಾಲ್ಕು ಹಿಡಿ ಸೇರಿಬಿಟ್ಟರೆ ವ್ಯಾಪಾರಿ ಇಡೀ ಲಾಟಿನ ದರ ಇಳಿಸುತ್ತಾನೆ. ಮೇಲಿನ ತೋಟದ್ದೋ ಕೆಳಗಿನ ತೋಟದ್ದೋ ಎಂದು ಅವನು ಕೇಳುವುದಿಲ್ಲ. ನನ್ನ ಕೋಡ್ ಎರಡೂ ತೋಟವನ್ನು ಬೈಯುತ್ತಿತ್ತು. ಬಿ ಮುಂದೆ ಆಳು ಹಾದರೆ ಎಗೂ ಒಂಬತ್ತು ಹೆಜ್ಜೆ ಶಿಕ್ಷೆ. ಆಮೇಲೆ ಎ ಒಂದನ್ನೇ ಓಡಿಸುವಾಗಲೂ ಅದು ಅಂಜುತ್ತ ಅಂಜುತ್ತ, ತನ್ನ ತಾಕತ್ತಿಗಿಂತ ಕೆಳಗಿನ ಎಂಸಿಎಸ್‌ನಲ್ಲಿ. ಬೋಟಿನ ಟ್ರೇಸಿನಲ್ಲಿ ಬಲೆ ರಾಶಿ ಹಾಕಿದ ಮೇಲೆ ಎ ಚೇತರಿಸಿಕೊಳ್ಳಲು ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ನೋಡಿದಾಗ ನನಗೇ ಪಾಪ ಎನಿಸಿತು.

ಉತ್ತರ ಫಿಸಿಕಲ್ ಲೇಯರ್, ಅಂದರೆ ಬಂದ ಸಿಗ್ನಲ್ಲನ್ನು ಬಿಡಿಸುವ ಭಾಗ, ಬರೆಯುವ ಗೆಳತಿಯ ಹತ್ತಿರ ಇತ್ತು. ಎರಡು ಪ್ಯಾನೆಲ್ಲಿನ ಲೇಯರುಗಳಿಗೆ ಡಿಎಂಆರ್‌ಎಸ್ ಎಂಬ ಗುರುತಿನ ಸಿಗ್ನಲ್ಲಿನ ಪೋರ್ಟ್ ಬೇರೆ ಬೇರೆ, ಹಾಗಾಗಿ ರಿಸೀವರಿಗೆ ಪ್ರತಿ ಲೇಯರಿನ ಎಸ್‌ಐಎನ್‌ಆರ್, ಅಂದರೆ ಗದ್ದಲದ ನಡುವೆ ಅದು ಎಷ್ಟು ಸ್ಪಷ್ಟವಾಗಿ ಕೇಳಿತು ಎಂಬ ಅಳತೆ, ಪ್ರತ್ಯೇಕವಾಗಿ ಗೊತ್ತಿರುತ್ತದೆ. ಅದು ಅವಳ ಕೋಡಿನಲ್ಲಿ ಲೆಕ್ಕವಾಗಿ ಅಲ್ಲೇ ಬಿದ್ದುಹೋಗುತ್ತಿತ್ತು. “ಕೇಳಿದ್ರೆ ಕೊಡ್ತಿದ್ನಲ್ಲೇ” ಎಂದಳು. ಇಂಟರ್‌ಫೇಸಿಗೆ ಎರಡು ಸಂಖ್ಯೆ ಸೇರಿಸಿದೆವು. ಈಗ ಬ್ಲಾಕ್ ಕೆಟ್ಟಾಗ, ಆ ಎಂಸಿಎಸ್‌ಗೆ ಬೇಕಿದ್ದ ಎಸ್‌ಐಎನ್‌ಆರ್‌ಗಿಂತ ಯಾವ ಪ್ಯಾನೆಲ್ಲಿನ ಲೇಯರ್ ಎಷ್ಟು ಕೆಳಗಿತ್ತು ನೋಡಿ, ಆ ಒಂಬತ್ತು ಹೆಜ್ಜೆಯನ್ನು ಅದೇ ಪ್ರಮಾಣದಲ್ಲಿ ಹಂಚುತ್ತೇನೆ. ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ ಬದಲಾವಣೆ. ಮೂರು ಲೆಕ್ಕದ ಹೋಲಿಕೆ ಎಲ್ಲರೂ ಬರೆಯುತ್ತಾರೆ, ಬೈಗುಳ ಯಾರಿಗೆ ಸೇರಬೇಕು ಎಂಬುದನ್ನು ಕೊನೆಗೆ ನೋಡುತ್ತಾರೆ. ನಾನೂ ಕೊನೆಗೇ ನೋಡಿದೆ.

ಪ್ರತಿ ಟಿಆರ್‌ಪಿಯೂ ತನ್ನದೇ ಡಿಸಿಐ ಕಳಿಸುವ ಇನ್ನೊಂದು ದಾರಿಯೂ ಇದೆ. ಅಲ್ಲಿ ಎರಡು ಗ್ರಾಂಟ್, ಎರಡು ಬ್ಲಾಕ್, ಎರಡು ಎಂಸಿಎಸ್, ಬೈಗುಳದ ಗೊಂದಲವೇ ಇಲ್ಲ. ಬೋಟಿಗೆ ಅದೇ ಸರಿ, ಕಾರಣ ಬೇರೆಯೇ. ರೇಡಿಯೊ ತರಂಗ ಒಂದು ಮೈಕ್ರೊಸೆಕೆಂಡಿಗೆ 300 ಮೀಟರ್ ಹೋಗುತ್ತದೆ. 120 ಕಿಲೋಹರ್ಟ್ಸ್‌ನಲ್ಲಿ ಸೈಕ್ಲಿಕ್ ಪ್ರಿಫಿಕ್ಸ್, ಅಂದರೆ ತುಸು ತಡವಾಗಿ ಬಂದದ್ದನ್ನು ಸಹಿಸಲು ಇಡುವ ಅಂತರ, ಇರುವುದು 0.59 ಮೈಕ್ರೊಸೆಕೆಂಡ್. ಎರಡು ಕಂಬಗಳ ದೂರದಲ್ಲಿ ಸುಮಾರು 175 ಮೀಟರಿಗಿಂತ ಹೆಚ್ಚು ವ್ಯತ್ಯಾಸವಾದರೆ ಹೊತ್ತಿಗೆ ಮುಟ್ಟಲಿ ಎಂದು ಡಿವೈಸ್ ಮುಂಚಿತವಾಗಿ ಕಳಿಸುವ ಒಂದೇ ಟೈಮಿಂಗ್ ಅಡ್ವಾನ್ಸ್ ಎರಡಕ್ಕೂ ಹೊಂದುವುದಿಲ್ಲ, ಒಂದು ಕಡೆ ಹೊತ್ತಿಗೆ ಸರಿಯಾಗಿ ಮುಟ್ಟಿದರೆ ಇನ್ನೊಂದು ಕಡೆ ತಡ. ಕಾಳಿಯ ಈಚೆಗೊಂದು ಆಚೆಗೊಂದು ಕಂಬ ಇಟ್ಟುಕೊಂಡು 175 ಮೀಟರಿನ ಮಾತಾಡುವುದು ಹುಡುಗಾಟ. ರಿಲೀಸ್ 18 ಎರಡು ಡಿಸಿಐ ದಾರಿಗೆ ಎರಡು ಬೇರೆ ಟೈಮಿಂಗ್ ಅಡ್ವಾನ್ಸ್ ಕೊಟ್ಟಿದೆ. ಮನೆಯ ಪೆಟ್ಟಿಗೆಗೆ, ಒಂದೇ ಕಟ್ಟಡದ ಎರಡು ಮೂಲೆಯ ಕಂಬಗಳಿಗೆ ಒಂದೇ ಡಿಸಿಐ ಸಾಕು.

ಎರಡು ಡಿಸಿಐ ಎಂದ ಮೇಲೆ ಎರಡು ಶೆಡ್ಯೂಲರ್, ಅವರ ನಡುವಿನ ತಂತಿ ನಿಧಾನವಾದರೆ ಇವಳೇನು ಕೊಟ್ಟಳು ಅವಳಿಗೆ ಗೊತ್ತಿಲ್ಲ. ಇಬ್ಬರೂ ಒಂದೇ ಕಿಸೆಗೆ ಕೈ ಹಾಕುತ್ತಾರೆ. ಇದಕ್ಕೆ ನಾವು ಮಾಡಿದ್ದು ಒರಟು ಉಪಾಯ: ಹಂಚಿಕೊಂಡ ಹೊತ್ತಿನಲ್ಲಿ ಪ್ರತಿಯೊಬ್ಬಳಿಗೂ 20 ಡಿಬಿಎಂ ಗಡಿ, ಸೆಕೆಂಡಿಗೆ ಹತ್ತು ಸಲ ಮಾತ್ರ ಆ ಗಡಿಯ ಪರಿಶೀಲನೆ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದ ಮೇಲೆ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಯೊಂದರ ಮೇಲೇ ಓಡಾಡಿದವಲ್ಲ, ಒಂದು ಟಿಆರ್‌ಪಿಯ ಸದ್ದು ನಿಂತರೆ ನಮ್ಮಲ್ಲೂ ಹಾಗೆಯೇ: ಉಳಿದವಳಿಗೆ ಪೂರ್ತಿ 23. ಆ ಬದಲಾವಣೆ ತಕ್ಷಣ ಆಗಬೇಕು, ನೂರು ಮಿಲಿಸೆಕೆಂಡ್ ಕಾಯಬಾರದು ಎಂದು ಆಮೇಲೆ ಹೊಳೆದು ಅದಕ್ಕೊಂದು ಅಡ್ಡದಾರಿ ಇಟ್ಟೆ.

ಬೇರೆ ಬಳಕೆದಾರರ ವಿಷಯ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಒಬ್ಬ ಡಿವೈಸ್ ಎರಡೂ ಕಂಬ ಹಿಡಿದುಕೊಂಡರೆ ಆ ಕಡೆ ಕಾಯುತ್ತಿದ್ದವನ ಬ್ಲಾಕುಗಳು ಹೋಗುತ್ತವೆ. ಅದಕ್ಕೇ ‘ಎರಡೂ’ ಎಂಬ ಆಯ್ಕೆಯ ಲಾಭದಿಂದ ಬಿ ಕಂಬದಲ್ಲಿ ಮುಂದಿನ ಸರದಿಯವನಿಗೆ ಆಗುವ ನಷ್ಟವನ್ನು, ಎಲ್ಲರಿಗೂ ನ್ಯಾಯವಾಗಿ ಪಾಲು ಹಂಚುವ ಪ್ರೊಪೋರ್ಷನಲ್ ಫೇರ್ ತೂಕದಲ್ಲೇ, ಕಳೆಯುತ್ತೇನೆ. ಇದರಲ್ಲಿ ಹೇಳುವಂಥ ಕಥೆ ಇಲ್ಲ, ಮೊದಲ ದಿನವೇ ಸರಿಯಾಗಿ ಓಡಿತು.

ಒಂದೇ ಡೇಟಾವನ್ನು ಎರಡೂ ಪ್ಯಾನೆಲ್ಲಿನಿಂದ ಕಳಿಸುವ ಎಸ್‌ಎಫ್‌ಎನ್ ವಿಧಾನವನ್ನು ದೊಡ್ಡ ಡೇಟಾಕ್ಕೆ ನಾನು ಬಳಸುವುದಿಲ್ಲ. ತಡವಾದರೆ ಕೆಲಸಕ್ಕೆ ಬಾರದ ಸಣ್ಣ ಪ್ಯಾಕೆಟ್ಟಿಗೆ ಮಾತ್ರ ಅದು. ಡೆಕ್ಕಿನಲ್ಲಿ ಯಾರು ಯಾವಾಗ ಹಾಯುತ್ತಾರೆ ಎಂದು ಎಸ್‌ಆರ್‌ಎಸ್ ಮೊದಲೇ ಹೇಳುವುದಿಲ್ಲ. ಎರಡು ಅಳತೆಯ ನಡುವೆ 160 ಸ್ಲಾಟ್ ಇವೆ, ಅಷ್ಟರಲ್ಲಿ ಆಳು ಅಡ್ಡ ಬಂದರೂ ಒಂದು ದಾರಿ ಉಳಿದಿರುತ್ತದೆ.

ಈಗ ಇರುವ ಮೂರನೆಯ ಆವೃತ್ತಿಯಲ್ಲಿ ಪ್ಯಾನೆಲ್ ಆರಿಸುವ ಭಾಗ ಸಿ++ನಲ್ಲಿ ನಲವತ್ತು ಸಾಲು ಇದ್ದೀತು. ರಿವ್ಯೂಗೆ ಹಾಕಿದಾಗ ಬೆಂಗಳೂರಿನಿಂದ ಬಂದ ಮೊದಲ ಪ್ರಶ್ನೆ: ಒಳ್ಳೆಯ ಸುದ್ದಿಗೆ ನಾಲ್ಕೇ ಅಳತೆ ಏಕೆ, ಮೂರು ಅಥವಾ ಐದು ಏಕಲ್ಲ? ಅಪ್ಪಯ್ಯ ಹೇಳಿದ ಎಂದು ಬರೆಯಲು ಬರುವುದಿಲ್ಲವಲ್ಲ. ಮೂರಕ್ಕೂ ಐದಕ್ಕೂ ಎರಡೂ ಟ್ರೇಸನ್ನು ಮತ್ತೆ ಓಡಿಸಿದೆ. ಬೋಟಿನದರಲ್ಲಿ ಮೂರಕ್ಕೂ ನಾಲ್ಕಕ್ಕೂ ವ್ಯತ್ಯಾಸ ಕಾಣಲಿಲ್ಲ, ಐದು ಸ್ಪಷ್ಟವಾಗಿ ನಿಧಾನ. ತೋಟದ್ದರಲ್ಲಿ ಮರ ತೂಗುವ ಲಯಕ್ಕೆ ಮೂರೇ ಹೆಚ್ಚು ಹೊಂದಿತು. ಈಗ ಕೋಡಿನಲ್ಲಿ 3 ಇದೆ. ಎಸ್‌ಡಿಆರ್ ಪೆಟ್ಟಿಗೆ ಆಫೀಸಿಗೆ ಮರಳಿ ಹೋಯಿತು. ಮಾಡಿನ ಮೇಲಿನ ಆಂಟೆನಾ ಕೋಲು ಮಾತ್ರ ಹಾಗೇ ಇದೆ, ಆಯಿ ಅದಕ್ಕೆ ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿ ಕಟ್ಟಿಕೊಂಡಿದ್ದಾಳೆ.